ಪಿಸ್ತೂಲಿಗೊಂದು ಸಾಧು ಕುದುರೆ

ಟೀವಿಯಲ್ಲಿ ಹವಾಮಾನ ವರದಿ ಶುರುವಾಗುವ ಹೊತ್ತಿಗೆ ಸರಿಯಾಗಿ ಎಲ್ಡನ್ ಸ್ಟಬಲ್‌ಫೀಲ್ಡ್‌ಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ತೊಳೆದಿಟ್ಟ ಲೋಟವನ್ನು ಮತ್ತೆ ತೊಳೆಯುವುದು, ಮುಚ್ಚಿದ ಕಿಟಕಿ ಮುಚ್ಚಿದೆಯೇ ಎಂದು ನೋಡುವುದು, ಇಂಥವು. ಅದೇ ಹೊತ್ತಿಗೆ ಅವನ ಹೆಂಡತಿ ವೆರ್ನಾ ಸೋಫಾದಲ್ಲಿ ನೆಟ್ಟಗೆ ಕುಳಿತು, ತನ್ನಮ್ಮನಿಂದ ಬಂದ ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು, ಮಳೆಯ ಮುನ್ಸೂಚನೆ ಹೇಳುವವನ ಟೈ ಗಂಟಿಗೆ ಗುರಿಯಿಡುತ್ತಿದ್ದಳು. ಅದು ಅವಳ ನಿತ್ಯದ ಅಭ್ಯಾಸ. ಪಿಸ್ತೂಲು ಖಾಲಿ. ಖಾಲಿ ಎಂಬುದನ್ನು ತಾನು ಎರಡು ಸಲ ನೋಡಿ, ಅವನಿಗೂ ಒಮ್ಮೆ ತೋರಿಸುತ್ತಿದ್ದಳು. ಆದರೂ 'ಟಕ್' ಎಂದಾಗಲೆಲ್ಲ ಎಲ್ಡನ್‌ನ ಜೀವ ಗೇಣುದ್ದ ಮೇಲೆ ಹಾರಿ ಕೆಳಗೆ ಬೀಳುತ್ತಿತ್ತು. (ಕೆಲವೊಮ್ಮೆ ಲೋಟವೂ.)

ಅವನನ್ನು ಹೇಡಿ ಎನ್ನುವಂತಿಲ್ಲ. ದಕ್ಷಿಣ ಮಿಸ್ಸೌರಿಯ ಗುಡ್ಡಗಳಲ್ಲಿ, ರಸ್ತೆಯೇ ಗಾಜಾಗಿ ಹೆಪ್ಪುಗಟ್ಟಿದ ತಿರುವುಗಳಲ್ಲಿ, ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು. ಹಿಂದಿನ ಸೀಟಿನಲ್ಲಿ ದೊಡ್ಡ ಹುಡುಗರು ಬಡಿದಾಡಿಕೊಂಡರೆ ಕನ್ನಡಿಯಲ್ಲಿ ಒಮ್ಮೆ ದಿಟ್ಟಿಸಿದರೆ ಸಾಕು, ಬಸ್ಸು ಚರ್ಚಿನಂತಾಗುತ್ತಿತ್ತು. ಪಿಸ್ತೂಲು ಮಾತ್ರ ದಿಟ್ಟಿಸಿದರೆ ಬಗ್ಗುವ ಜಾತಿಯದಲ್ಲ.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಕೇಡು ಬೇರೆ ರೂಪದಲ್ಲಿ ಬಂತು. ವೆರ್ನಾಳ ತೋರುಬೆರಳಿನ ಗಿಣ್ಣು ಊದಿಕೊಂಡಿತು. ಹಳೆಯ ಟ್ರಿಗರ್ ತೆಳ್ಳಗೆ, ಅಂಚು ಚೂಪು. ಎಳೆದಾಗಲೆಲ್ಲ ಗಿಣ್ಣಿಗೇ ಕಚ್ಚುತ್ತಿತ್ತು. ಹೋದ ಸಲ ಅಗ್ನಿಶಾಮಕ ಠಾಣೆಯ ಗುರಿ ಪಂದ್ಯದಲ್ಲಿ ಕೊನೆಯ ಗುಂಡಿಗೆ ಬೆರಳು ಮಾತು ಕೇಳಲಿಲ್ಲ. ಓರಗಿತ್ತಿ ಜೆನೀವಾ ಗೆದ್ದಳು. ಬಹುಮಾನವಾಗಿ ಬಂದ, ಹೊಗೆ ಹಾಕಿ ಹದ ಮಾಡಿದ ಹಂದಿತೊಡೆಯನ್ನು ಮಗುವಿನಂತೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡಳು. ಆ ಫೋಟೋ ಈಗ ಠಾಣೆಯ ಗೋಡೆಯಲ್ಲಿ, ಕಾಫಿ ಯಂತ್ರದ ನೇರಕ್ಕೆ ಇದೆ. ವೆರ್ನಾ ಅಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದಾಳೆ.

"ಟ್ರಿಗರ್ ಬದಲಾಯಿಸ್ತೀನಿ, ಎಲ್ಡನ್," ಎಂದಳು ಒಂದು ದಿನ, ಬೆರಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು. "ಬೆರಳಿಗೆ ಆರಾಮ ಇರಬೇಕು. ಈ ಸಲವೂ ಸೋತರೆ ಪಿಸ್ತೂಲನ್ನ ಜೆನೀವಾಗೇ ಕೊಟ್ಟು, ಹೋಗಿ ಕೌದಿ ಹೊಲಿಯೋ ಹೆಂಗಸರ ಜೊತೆ ಕೂತ್ಕೋತೀನಿ."

"ಆರಾಮ ಅಂದ್ರೆ ಎಷ್ಟು ಆರಾಮ?"

"ಮುಟ್ಟಿದ್ರೆ ಸಾಕು ಅನ್ನೋ ಹಾಗೆ."

ಮುಟ್ಟಿದರೆ ಸಾಕು. ಎಲ್ಡನ್‌ಗೆ ಆ ದಿನದ ಊಟ ಸೇರಲಿಲ್ಲ. (ಟ್ರಿಗರಿಗೆ ನಮ್ಮ ಹಳಬರು ಕುದುರೆ ಎನ್ನುತ್ತಾರೆ. ಪಾಪ, ಎಲ್ಡನ್‌ಗೆ ಕನ್ನಡ ಬಾರದು. ಬಂದಿದ್ದರೆ ಹೆಸರು ಕೇಳಿಯೇ ಅರ್ಧ ಸಾಯುತ್ತಿದ್ದ: ಕಟ್ಟಿದ್ದರೂ ಕುದುರೆ ಕುದುರೆಯೇ, ಯಾವಾಗ ಕಿತ್ತುಕೊಂಡು ಓಡುವುದೋ ಯಾರು ಬಲ್ಲರು.)

ಬಂದೂಕು ರಿಪೇರಿಯ ಡೆಲ್ಬರ್ಟ್‌ನ ಅಂಗಡಿ ಮೇವಿನ ಮಳಿಗೆಯ ಹಿಂದುಗಡೆ. ಅವನು ಎಲ್ಡನ್‌ನ ಶಾಲೆಯ ಸಹಪಾಠಿ. ಅಂದೂ ನಕ್ಕವನಲ್ಲ, ಇಂದೂ ನಗುವವನಲ್ಲ. ಬಟ್ಟೆ ಹಾಸಿದ ಮೇಜಿನ ಮೇಲೆ ಬಗೆಬಗೆಯ ಟ್ರಿಗರ್ ಕೂರಿಸಿದ ಮಾದರಿಗಳನ್ನು ಸಾಲಾಗಿ ಇಟ್ಟ. ವೆರ್ನಾ ಚಪ್ಪಲಿ ಅಂಗಡಿಯಲ್ಲಿ ಕಾಲು ತೂರಿಸಿದಂತೆ ಒಂದೊಂದರಲ್ಲೂ ಬೆರಳು ತೂರಿಸಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನೋಡಿದಳು. ಎಲ್ಡನ್ ದನಗಳಿಗೆಂದು ಪೇರಿಸಿಟ್ಟ ಉಪ್ಪಿನ ಗಟ್ಟಿಗಳ ಮರೆಯಲ್ಲಿ ನಿಂತ.

"ಈ ಚಪ್ಪಟೆಯದು ಬೆರಳಿಗೆ ನಿಲ್ಲಲ್ಲ, ಜಾರುತ್ತೆ," ಎಂದಳು. "ಇದು ತೀರಾ ಬಾಗಿದೆ. ನಮ್ಮತ್ತೆ ಮನೆ ಕುರ್ಚಿ ಹಾಗೆ, ಒಳಗೆ ಹೋದ್ರೆ ಬರೋಕೆ ಬಿಡಲ್ಲ."

"ನಮ್ಮಮ್ಮನ ಕುರ್ಚಿಗೇನಾಗಿದೆ?" ಎಂದಿತು ಉಪ್ಪಿನ ಗಟ್ಟಿ.

"ಅಗಲವಾದ್ದು ನೋಡು, ವೆರ್ನಾ," ಎಂದ ಡೆಲ್ಬರ್ಟ್. "ಅಂಚು ನುಣ್ಣಗೆ ಮಾಡಿದಾರೆ. ಬೆರಳು ಕಾಲು ಚಾಚಿ ಮಲಗುತ್ತೆ."

ಅದಕ್ಕೆ ಬೆರಳಿಟ್ಟದ್ದೇ ತಡ, ವೆರ್ನಾಳ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿದವು. ಉಂಗುರ ತೊಡಿಸಿದ ದಿನವೂ ಎಲ್ಡನ್ ಆ ಮುಖ ಕಂಡಿರಲಿಲ್ಲ.

"ಎಳೆತ ಮೂರೂವರೆ ಪೌಂಡ್. ಅಷ್ಟು ಭಾರಕ್ಕೆ ಎಳೆದ್ರೆ ಗುಂಡು ಹೋಗುತ್ತೆ," ಎಂದ ಡೆಲ್ಬರ್ಟ್.

"ಮೂರೂವರೆ ಪೌಂಡ್ ಅಂದ್ರೆ ಎಷ್ಟು?" ಉಪ್ಪಿನ ಗಟ್ಟಿಗಳ ಮೇಲೆ ಎಲ್ಡನ್‌ನ ತಲೆ ಕಾಣಿಸಿತು.

"ಒಂದು ಸಾಧಾರಣ ಮೀನಿನ ತೂಕ."

"ಬದುಕಿರೋ ಮೀನೋ, ಸತ್ತಿರೋದೋ?"

"ನಿನ್ನ ಗಾಳಕ್ಕೆ ಬಿದ್ದದ್ದು ಹೇಗೂ ವಯಸ್ಸಾಗಿ ಸತ್ತಿರೋದೇ," ಎಂದಳು ವೆರ್ನಾ. ಪಿಸ್ತೂಲನ್ನು ಡೆಲ್ಬರ್ಟ್‌ನ ಕೈಗೊಪ್ಪಿಸಿ ಮನೆಗೆ ಬಂದರು.

ಎಲ್ಡನ್ ನೇರವಾಗಿ ಗರಾಜಿಗೆ ಹೋಗಿ ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದ. ವೆರ್ನಾ ಹಾಡುಗಾರರ ತಾಲೀಮಿಗೆಂದು ಚರ್ಚಿಗೆ ಹೋಗಿದ್ದಾಗ ಅದರ ಕೊಕ್ಕೆಯನ್ನು ಮನೆಯ ಒಂದೊಂದು ವಸ್ತುವಿಗೂ ಸಿಕ್ಕಿಸಿ ಎಳೆದು ನೋಡಿದ. ಚಮಚದ ಡ್ರಾಯರು ಎರಡು ಪೌಂಡ್. ಬೆಕ್ಕು ಸೋಫಾದ ಹೊದಿಕೆ ಜಗ್ಗುವುದು ನಾಲ್ಕು. ನಾಲ್ಕು. ಅಂದರೆ ಬೆಕ್ಕು ಮನಸ್ಸು ಮಾಡಿದರೆ ಮನೆಯಲ್ಲಿ ಯಾರನ್ನು ಬೇಕಾದರೂ ಸುಡಬಹುದು. ಎಲ್ಡನ್ ಬೆಕ್ಕನ್ನು ನೋಡಿದ. ಬೆಕ್ಕು ಎಲ್ಡನ್‌ನನ್ನು ನೋಡಿತು. ಅವರಿಬ್ಬರ ನಡುವೆ ಹಳೆಯದೊಂದು ವೈಮನಸ್ಯವಿತ್ತು.

ಕೊನೆಗೆ ಫ್ರಿಜ್ಜಿನ ಬಾಗಿಲು. ಹನ್ನೊಂದು ಪೌಂಡ್. ಎಲ್ಡನ್‌ಗೆ ಜ್ಞಾನೋದಯವಾಯಿತು. ಇದುವರೆಗೆ ಭೂಮಂಡಲದಲ್ಲಿ ಯಾರೂ ಕೈತಪ್ಪಿ ಫ್ರಿಜ್ ತೆರೆದಿಲ್ಲ. (ಸೇಬಿನ ಪೈ ಕಾಣೆಯಾದಾಗ ಎಲ್ಡನ್ ಒಮ್ಮೆ ಹಾಗೆಂದು ವಾದಿಸಿದ್ದುಂಟು. ಯಾರೂ ನಂಬಿರಲಿಲ್ಲ.)

ಮರುದಿನ ತಕ್ಕಡಿ ಹಿಡಿದು ಒಬ್ಬನೇ ಡೆಲ್ಬರ್ಟ್‌ನ ಅಂಗಡಿಗೆ ಹೋದ.

"ವೆರ್ನಾ ಹೇಳಿದ್ದೇ ಹಾಕು. ಅಗಲ, ನುಣುಪು, ಎಲ್ಲ ಅದೇ. ಎಳೆತ ಮಾತ್ರ ಫ್ರಿಜ್ಜಿನ ಬಾಗಿಲಿನಷ್ಟು ಮಾಡಿಕೊಡು."

ಡೆಲ್ಬರ್ಟ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. "ಆರಾಮಾಗಿರೋ ಟ್ರಿಗರ್ ಬೇಕು ಅಂತ ತಾನೇ ಬಂದಿದ್ದು?"

"ಆರಾಮಾಗಿರೋದೇ ಬೇಕು."

"ಯಾರಿಗೆ ಆರಾಮ?"

ಎಲ್ಡನ್ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಹನ್ನೊಂದರ ಗೆರೆಗೆ ಬೆರಳಿಟ್ಟು ತೋರಿಸಿದ.

"ಅವಳು ಸಾಧು ಕುದುರೆ ಕೇಳಿದ್ಲು. ನೀನು ಹೇಸರಗತ್ತೆ ಕಟ್ಟು ಅಂತೀಯ," ಎಂದ ಡೆಲ್ಬರ್ಟ್. ಮಿಸ್ಸೌರಿಯವರಿಗೆ ಹೇಸರಗತ್ತೆಯ ಹಟದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. "ಆಗಲಿ. ನಿನ್ನ ಅಳತೆಗೇ ಒಂದು ಮಾಡ್ತೀನಿ." ಎಲ್ಡನ್ ಸಂತೋಷದಲ್ಲಿ ತಕ್ಕಡಿಯನ್ನು ಅಲ್ಲೇ ಮರೆತು ಬಂದ. 'ಒಂದು' ಎಂಬ ಮಾತನ್ನೂ ಗಮನಿಸಲಿಲ್ಲ. ಡೆಲ್ಬರ್ಟ್‌ನ ಹೆಂಡತಿ ಚರ್ಚಿನಲ್ಲಿ ವೆರ್ನಾಳ ಪಕ್ಕದಲ್ಲೇ ನಿಂತು ಹಾಡುತ್ತಾಳೆ ಎಂಬುದೂ ನೆನಪಾಗಲಿಲ್ಲ.

ಪಿಸ್ತೂಲು ಮನೆಗೆ ಬಂದ ಸಂಜೆ ಅವನು ಧೈರ್ಯವಾಗಿ ಸೋಫಾದಲ್ಲೇ ಕುಳಿತ. ವೆರ್ನಾ ಟೈ ಗಂಟಿಗೆ ಗುರಿಯಿಟ್ಟಳು. ಟಕ್. ಟಕ್. ಟಕ್.

"ಬೆಣ್ಣೆ," ಎಂದಳು. "ಬೆಣ್ಣೆಗೆ ಬೆರಳಿಟ್ಟ ಹಾಗಿದೆ."

ಹನ್ನೊಂದು ಪೌಂಡ್ ಇವಳಿಗೆ ಬೆಣ್ಣೆಯೇ? ಊದಿದ ಬೆರಳಿನಲ್ಲಿ ಫ್ರಿಜ್ಜಿನ ಬಾಗಿಲನ್ನು ಹೀಗೆ ಟಕಟಕ ತೆರೆಯುವ ಹೆಣ್ಣಿನ ಜೊತೆ ತಾನು ಇಷ್ಟು ಕಾಲ ಸಂಸಾರ ಮಾಡಿದೆನೇ? ಅಂದಿನಿಂದ ಅವನಿಗೆ ಪಿಸ್ತೂಲಿಗಿಂತ ಆ ಬೆರಳುಗಳದೇ ಭಯ ಹೆಚ್ಚಾಯಿತು. ಅವಳು ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದರೆ ಇವನು ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಸದ ಡಬ್ಬಿಯನ್ನು ಹೇಳುವ ಮೊದಲೇ ಹೊರಗಿಡುತ್ತಿದ್ದ.

ಪಂದ್ಯದ ದಿನ ಠಾಣೆಯ ಹಿಂದಿನ ಬಯಲಿನಲ್ಲಿ ಊರೇ ಸೇರಿತ್ತು. ಅಗ್ನಿಶಾಮಕ ದಳದ ಮುಖ್ಯಸ್ಥ ಟ್ರಕ್ಕಿನ ಮೆಟ್ಟಿಲ ಮೇಲೆ ನಿಂತು ನಿಯಮ ಓದಿದ.

"ಯಾರ ಕಾಗದದಲ್ಲಿ ತೂತೋ ಅಂಕ ಅವರದು. ಹೊಡೆದದ್ದು ಯಾರು ಅಂತ ಆಮೇಲೆ ಜಗಳ ಬೇಡ. ಇನ್ನೊಂದು, ಈ ಸಲ ಜೋಡಿ ಪಂದ್ಯ. ಹೆಂಡತಿಗೆ ಐದು ಗುಂಡು, ಗಂಡನಿಗೆ ಕೊನೇದು ಒಂದು."

ಎಲ್ಡನ್ ಬಾಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಅಗಿಯುವುದು ನಿಲ್ಲಿಸಿದ.

ವೆರ್ನಾ ಐದೂ ಗುಂಡನ್ನು ನಡುವಿನ ಕಪ್ಪು ಚುಕ್ಕೆಯಲ್ಲಿ ಕೂರಿಸಿದಳು. ಎಡಪಕ್ಕದ ಕಾಗದ ಜೆನೀವಾಳದು. ಅಲ್ಲೂ ಐದೂ ಕಪ್ಪಿನಲ್ಲೇ. ಜೆನೀವಾಳ ಗಂಡ, ಅಂದರೆ ಎಲ್ಡನ್‌ನ ತಮ್ಮ ರಾಯ್ಸ್, ತನ್ನ ಗುಂಡನ್ನು ಸೀದಾ ಮಣ್ಣಿನ ದಿಬ್ಬಕ್ಕೆ ಅರ್ಪಿಸಿದ. ಇನ್ನು ಎಲ್ಡನ್ ವೆರ್ನಾಳ ಕಾಗದದ ಯಾವ ಮೂಲೆಗೆ ಹೊಡೆದರೂ ಹಂದಿತೊಡೆ ವೆರ್ನಾಳದು, ಗೋಡೆಯ ಫೋಟೋ ವೆರ್ನಾಳದು.

ಅವಳು ಚೀಲದಿಂದ ಇನ್ನೊಂದು ಪಿಸ್ತೂಲು ತೆಗೆದು ಅವನ ಕೈಗಿಟ್ಟಳು. ಅವಳಪ್ಪನದು, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದದ್ದು. ಟ್ರಿಗರ್ ಮಾತ್ರ ಹೊಚ್ಚ ಹೊಸದು.

"ಇದ್ಯಾಕೆ?"

"ಡೆಲ್ಬರ್ಟ್ ನಿನ್ನ ಅಳತೆಗೇ ಮಾಡಿದ್ದಾನೆ, ಹನಿ."

ಜೇನು ಎಂಬರ್ಥದ ಈ ಮುದ್ದಿನ ಕರೆಯನ್ನು ಅವಳು ವರ್ಷಕ್ಕೊಮ್ಮೆ ಬಳಸುತ್ತಿದ್ದಳು. ಹನಿ ಬಿತ್ತೆಂದರೆ ಹಿಂದೆಯೇ ಗುಡುಗು ಎಂದು ಎಲ್ಡನ್‌ಗೆ ಗೊತ್ತಿತ್ತು. ಬೆಣ್ಣೆ ಯಾವ ಪಿಸ್ತೂಲಿನಲ್ಲಿತ್ತು, ಬಂಡೆ ಯಾವುದರಲ್ಲಿತ್ತು ಎಂಬುದೂ ಆ ಕ್ಷಣವೇ ಗೊತ್ತಾಯಿತು.

ಗುರಿಯಿಟ್ಟ. ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಹೇಸರಗತ್ತೆ ಕಾಲೂರಿ ನಿಂತಿತ್ತು. ತೋರುಬೆರಳ ಪಕ್ಕ ನಡುಬೆರಳನ್ನೂ ತೂರಿಸಿ, ನಾಲಿಗೆ ಕಚ್ಚಿ, ಹಣೆಯ ನರ ಉಬ್ಬಿಸಿ ಎಳೆದ.

"ಫ್ರಿಜ್ ತೆಗೆಯೋ ಹಾಗೆ ತೆಗಿ, ಎಲ್ಡನ್," ಎಂದಿತು ಹಿಂದಿನಿಂದ ಒಂದು ದನಿ.

"ಒಳಗೆ ಪೈ ಇದೆ ಅಂದ್ಕೋ," ಎಂದಿತು ಇನ್ನೊಂದು.

ಊರಿಗೆಲ್ಲ ಗೊತ್ತಿತ್ತು. ಎಲ್ಡನ್ ಕಣ್ಣು ಮುಚ್ಚಿ, ಬಸ್ಸಿನ ಹ್ಯಾಂಡ್ ಬ್ರೇಕ್ ಎಳೆದಂತೆ ಇಡೀ ಮೈಯನ್ನು ಎಡಕ್ಕೆ ಜಗ್ಗಿ ಎಳೆದ. ಢಂ ಎಂದಿತು. ಕಣ್ಣು ಬಿಟ್ಟಾಗ ವೆರ್ನಾಳ ಕಾಗದ ಹಾಗೆಯೇ ಇತ್ತು, ಐದೇ ತೂತು. ಪಕ್ಕದ ಕಾಗದದ ಕಪ್ಪು ಚುಕ್ಕೆಯಲ್ಲಿ ಆರನೆಯದು ಹೊಸದಾಗಿ ಬೆಳಗುತ್ತಿತ್ತು.

ಮುಖ್ಯಸ್ಥ ಹತ್ತಿರ ಹೋಗಿ ಬಗ್ಗಿ ನೋಡಿದ. "ತೂತು ಜೆನೀವಾಳ ಕಾಗದದಲ್ಲಿ," ಎಂದ. ನಿಯಮವನ್ನು ಮತ್ತೆ ಓದುವ ಅಗತ್ಯವಿರಲಿಲ್ಲ.

ಜೆನೀವಾ ಹಂದಿತೊಡೆಯನ್ನು ಎತ್ತಿಕೊಂಡು ಬಂದಳು. "ಇಷ್ಟು ಚೆನ್ನಾಗಿ ಹೊಡೀತೀಯ ಅಂತ ಗೊತ್ತೇ ಇರಲಿಲ್ಲ, ಎಲ್ಡನ್. ಭಾನುವಾರ ಊಟಕ್ಕೆ ಬನ್ನಿ ಇಬ್ಬರೂ. ಫೋಟೋಗೂ ಬಾ, ನೀನಿಲ್ಲದೆ ಹೇಗೆ?"

ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಮೇಲೆ ವೆರ್ನಾ ಹೇಳಿದಳು: "ತಪ್ಪು ನನ್ನದೂ ಇದೆ. ನಿನಗೆ ಪಾಠ ಕಲಿಸೋಕೆ ಹೋಗಿ ಹಂದಿತೊಡೆ ಕಳ್ಕೊಂಡೆ. ಕೌದಿ ಗೀದಿ ಏನಿಲ್ಲ, ಮುಂದಿನ ವರ್ಷವೂ ಜೋಡಿ ಪಂದ್ಯವಂತೆ. ನಾಳೆಯಿಂದ ನೀನೂ ಅಭ್ಯಾಸ ಮಾಡಬೇಕು. ಅದೇ ಪಿಸ್ತೂಲಲ್ಲಿ."

ಹೀಗಾಗಿ ಈಗ ದಿನಾ ಸಂಜೆ ಸೋಫಾದಲ್ಲಿ ಕುಳಿತು ಮಳೆ ಹೇಳುವವನ ಟೈ ಗಂಟಿಗೆ ಗುರಿಯಿಡುವವನು ಎಲ್ಡನ್. ಕ್ರಿಸ್ಮಸ್ ಬರುವಷ್ಟರಲ್ಲಿ ಅವನ ತೋರುಬೆರಳು ಸಣ್ಣ ಬದನೆಕಾಯಿಯಷ್ಟಾಯಿತು. ಮತ್ತೆ ಒಬ್ಬನೇ ಡೆಲ್ಬರ್ಟ್‌ನ ಅಂಗಡಿಗೆ ಹೋಗಿ ಬೆರಳನ್ನು ಮೇಜಿನ ಮೇಲಿಟ್ಟ.

"ಸ್ವಲ್ಪ ಆರಾಮಾಗಿರೋ ಟ್ರಿಗರ್ ಬೇಕಿತ್ತು," ಎಂದ. "ವೆರ್ನಾಗೆ ಹಾಕಿದ್ಯಲ್ಲ, ಅಂಥದ್ದು."

ಡೆಲ್ಬರ್ಟ್ ಡ್ರಾಯರಿನಿಂದ ಮೀನಿನ ತಕ್ಕಡಿ ತೆಗೆದು ಮುಂದಿಟ್ಟ. "ಇದನ್ನ ತಗೊಂಡು ಹೋಗು. ಟ್ರಿಗರ್ ಮಾತ್ರ ಆಗಲ್ಲ. ವೆರ್ನಾ ಮೊನ್ನೆಯೇ ಬಂದು ಹೇಳಿ ಹೋದ್ಲು, ನೀನು ಬಂದು ಎಷ್ಟು ಅತ್ತು ಕರೆದರೂ ಹಗುರ ಮಾಡಬೇಡ ಅಂತ."

"ಯಾಕಂತೆ? ಇನ್ನೂ ಕೋಪಾನಾ?"

"ಕೋಪ ಅಲ್ಲ. ನೀನು ಹೊಡೆದ ಗುಂಡು ಎಲ್ಲಿ ಹೋಗುತ್ತೆ ಅಂತ ಅವಳು ಕಣ್ಣಾರೆ ನೋಡಿದಾಳೆ, ಎಲ್ಡನ್."

ಎಲ್ಡನ್ ತಕ್ಕಡಿ ಹಿಡಿದು ಹೊರಗೆ ಬಂದ. ಗಾಡಿಯಲ್ಲಿ ಕುಳಿತ ಮೇಲೆ ಒಂದು ವಿಷಯ ನಿಧಾನವಾಗಿ ತಲೆಗೆ ಹೋಯಿತು. ಕೆಲವು ವಾರಗಳಿಂದ, ಹವಾಮಾನ ವರದಿ ಶುರುವಾಗುವ ಹೊತ್ತಿಗೆ ಸರಿಯಾಗಿ, ವೆರ್ನಾ ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಬೆಕ್ಕೂ ಅವಳ ಜೊತೆಗೇ ಇರುತ್ತಿತ್ತು.