ಕಳೆದುಹೋದ ತೋಪಿನ ಪತ್ರ ಮತ್ತು ಹನ್ನೆರಡು ಸಾಕ್ಷಿಗಳು

ಕಾಣೆಯಾದ ಕಾಗದಗಳ ವಿಚಾರಣಾ ಆಯೋಗದ ಘನ ಅಧ್ಯಕ್ಷರಾದ ಮುಸ್ಯೂ ವೆರ್ದಿಯೇ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯ ಕಪಾಟುಗಳು, ಕುರ್ಚಿಗಳು ಹಾಗೂ ಆ ಕುರ್ಚಿಗಳಲ್ಲಿ ಬೆಳಿಗ್ಗೆ ಹತ್ತರ ನಂತರ ಕಾಣಿಸಿಕೊಳ್ಳುವ ಸಮಸ್ತರೂ ಕ್ಷೇಮವೆಂದು ನಂಬಿ, ಐನ್ ಮರ್ಜಾ ಊರಿನಲ್ಲಿ ಮೂವತ್ತೊಂದು ವರ್ಷಗಳಿಂದ ಜನರ ದಸ್ತಾವೇಜು ಬರೆದುಕೊಂಡು ಬಂದಿರುವ ತಹಾಮಿ ಬೆನ್ ಜಿಲಾಲಿ ಎಂಬ ನಾನು ಸಲಾಮು ಹೇಳಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಕೋಟೆಯಲ್ಲಿಟ್ಟು ಕಳಿಸಿದರೆ ತಮ್ಮ ಕಚೇರಿಯಲ್ಲಿ ಅದರ ಗತಿ ಏನಾದೀತೆಂಬುದು ನಮ್ಮೂರ ಕತ್ತೆಗಳಿಗೂ ಗೊತ್ತು.

ಮೊರೊಕ್ಕೊವನ್ನು ಕಾಪಾಡಲೆಂದೇ ಸಮುದ್ರ ದಾಟಿ ಬಂದ ಫ್ರೆಂಚ್ ಸರ್ಕಾರವು ನೆಲದ ಪತ್ರಗಳನ್ನೆಲ್ಲ ನೋಂದಣಿಗೆ ಒಪ್ಪಿಸಬೇಕೆಂದು ಅಪ್ಪಣೆ ಮಾಡಿದಾಗ, ನಮ್ಮ ನಲವತ್ತು ಮನೆಗಳಿಗೆ ಸೇರಿದ ಆಲಿವ್ ತೋಪಿನ ಮೂಲಪತ್ರವನ್ನು, ನನ್ನ ಮುತ್ತಜ್ಜ ಮೇಕೆಚರ್ಮದ ಮೇಲೆ ಬರೆದದ್ದನ್ನು, ಕಳೆದ ವಸಂತದಲ್ಲಿ ನಾನೇ ಕೈಯಾರೆ ತಂದುಕೊಟ್ಟೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತೆಂದು ನನ್ನ ಹೆಂಡತಿ ಹೇಳಿದ್ದನ್ನು ನಾನು ಖಂಡಿಸುತ್ತೇನೆ. ಕಳ್ಳನಾದವನು ಬೀಗದ ಕೈಗೆ ರಸೀದಿ ಕೊಡುವುದಿಲ್ಲ, ತಾವು ಕೊಟ್ಟಿರಿ. ಪತ್ರ ಕಾಣೆಯಾಯಿತು, ಆಯೋಗ ಕೂತಿತು, ಮೊದಲ ದಿನವೇ ಆ ರಸೀದಿಯನ್ನು ಪುರಾವೆಯೆಂದು ತೆಗೆದಿರಿಸಿಕೊಂಡಿತು, ಮೂರನೆಯ ದಿನ ರಸೀದಿಯೂ ಕಾಣೆಯಾಯಿತು. ಒಂದನ್ನು ಹುಡುಕಲು ಕೂತು ಎರಡನ್ನು ಕಳೆಯುವ ಸಾಮರ್ಥ್ಯವಿರುವ ಆಯೋಗ ಇನ್ನೊಂದು ವಾರ ಕೂತರೆ ಊರೇ ಕಾಣೆಯಾದೀತೇನೋ.

ಈ ನಡುವೆ ತಮ್ಮ ದೇಶದಿಂದ ಬಂದು ನಮ್ಮ ಸೀಮೆಯಲ್ಲಿ ಜಮೀನು ಮಾಡಿಕೊಂಡಿರುವ ಮುಸ್ಯೂ ಗಾಲಿಬೇರ್ ಅವರ ದೂರದೃಷ್ಟಿಯನ್ನು ಹೊಗಳದಿದ್ದರೆ ತಪ್ಪಾದೀತು. ಪತ್ರ ಕಳೆಯುವುದಕ್ಕೆ ಮೂರು ವಾರ ಮೊದಲೇ ಅವರು ನಮ್ಮ ತೋಪಿನಲ್ಲಿ ತಮ್ಮ ಗಡಿಗೂಟಗಳನ್ನು ನೆಟ್ಟಿದ್ದರು. ತಿಂಗಳ ಕೊನೆಯೊಳಗೆ ನಾವು ಪತ್ರ ತೋರಿಸದಿದ್ದರೆ ತೋಪು ಅವರಿಗೇ ಎಂದು ತಾವೂ ತೀರ್ಮಾನಿಸಿದ್ದೀರಿ.

ಪತ್ರ ಕಳೆಯುವುದು ನಮಗೇನೂ ಹೊಸದಲ್ಲ. ಇಲಿ ತಿನ್ನುತ್ತದೆ, ಸೂರು ಸೋರುತ್ತದೆ. ಆಗ ಊರಿನ ಹನ್ನೆರಡು ಮಂದಿ ನನ್ನಂಥ ಬರೆಯುವವನ ಮುಂದೆ ಕೂತು ತಮಗೆ ತಿಳಿದದ್ದನ್ನು ಹೇಳುತ್ತಾರೆ. ಹನ್ನೆರಡು ಬಾಯಿಯಲ್ಲೂ ಒಂದೇ ಮಾತು ಬಂದರೆ ಬರೆದು ಖಾಜಿಯ ಮುದ್ರೆ ಒತ್ತಿಸುತ್ತೇವೆ, ಅದೇ ಪತ್ರ. ಹಾಗೆ ಹನ್ನೆರಡು ಮುದುಕರನ್ನು ತಮ್ಮ ಮುಂದೆ ಕರೆತಂದೆ. ಅವರು ತೋಪಿನ ನಾಲ್ಕು ಎಲ್ಲೆಗಳ ಚಕ್ಕುಬಂದಿಯನ್ನು ಒಂದು ಕಲ್ಲೂ ತಪ್ಪದಂತೆ ಹೇಳಿದರು. ತಮ್ಮ ದುಭಾಷಿ ಹುಬ್ಬೇರಿಸಿ, "ಪತ್ರ ಕೈಲಿಲ್ದೆ ಇಷ್ಟು ಸರಿಯಾಗಿ ಹೆಂಗಯ್ಯಾ ಹೇಳ್ತೀರಿ?" ಎಂದು ಕೇಳಿದ. ಅವರಲ್ಲಿ ಹಿರಿಯನಾದ ಮಿಲೂದ್, "ಸಾಹೇಬ್ರೇ, ಪತ್ರ ಓದಿ ತೋಪು ತಿಳ್ಕೊಂಡೋರಲ್ಲ ನಾವು. ತೋಪು ನೋಡಿ ಪತ್ರ ಬರೆಸ್ದೋರು" ಎಂದ. ಇಷ್ಟು ಸ್ಪಷ್ಟವಾಗಿ ತಿಳಿದವರ ಬಳಿಯೇ ಪತ್ರವಿರಬೇಕೆಂಬ ಸತ್ಯ ತಮಗೆ ಆ ಕ್ಷಣವೇ ಹೊಳೆಯಿತು. ಸಾಕ್ಷಿ ಹೇಳಲು ಬಂದ ಹನ್ನೆರಡು ಮಂದಿಯೂ ಕಳ್ಳರಾಗಿ ಲಾಕಪ್ಪು ಸೇರಿದರು.

ಒಂಬತ್ತನೆಯ ದಿನ ಮಿಲೂದ್ ಕೆಮ್ಮಿ ಕೆಮ್ಮಿ ಆ ಸಿಮೆಂಟು ನೆಲದ ಮೇಲೆ ಸತ್ತ. ಇಲ್ಲಿ ನನ್ನ ವಿನಯ ಸ್ವಲ್ಪ ತಪ್ಪುತ್ತದೆ, ಮಾನ್ಯರೇ. ಅವನು ನನ್ನ ಅಕ್ಕನ ಗಂಡ. ಎಪ್ಪತ್ತೆಂಟು ವರ್ಷದಲ್ಲಿ ಪರರ ಮರದ ಒಂದು ಕಾಯಿ ಕಿತ್ತವನಲ್ಲ. ಅವನನ್ನು ತಾವು ಕಳ್ಳನೆಂದಿರಿ.

ಮರುದಿನವೇ ಉಳಿದವರನ್ನು ಬಿಡುಗಡೆ ಮಾಡಿ ತಾವು ಹೊರಡಿಸಿದ ಆದೇಶವನ್ನು ಮಸೀದಿಯ ಮುಂದೆ ಓದಿಸಿ ಕೇಳಿದೆವು: ಐನ್ ಮರ್ಜಾದವರ ಪದ್ಧತಿಯಂತೆ ಸಾಕ್ಷಿಗಳು ಹನ್ನೆರಡಿರಬೇಕು, ಈಗ ಹನ್ನೊಂದೇ ಇರುವುದರಿಂದ ಹೇಳಿಕೆ ಅಸಿಂಧು. ನಮ್ಮ ಪದ್ಧತಿಗೆ ತಾವು ತೋರಿದ ಈ ಮೊದಲ ಮರ್ಯಾದೆಗೆ ಊರು ಋಣಿ. ಇನ್ನೊಬ್ಬನನ್ನು ತರಬಹುದೇ ಎಂದು ಕೇಳಿದ್ದಕ್ಕೆ, ಅವನನ್ನೂ ಮೊದಲು ಲಾಕಪ್ಪಿನಲ್ಲಿಟ್ಟು ವಿಚಾರಿಸಬೇಕಾಗುತ್ತದೆ ಎಂದಿರಿ. ಊರಿನ ಗಂಡಸರು ತಲೆ ತಗ್ಗಿಸಿದರು. ನಾನಂತೂ ದಸ್ತಾವೇಜು ಬರೆಯುವವನು ಸಾಕ್ಷಿಯಾಗುವಂತಿಲ್ಲವೆಂಬ ನಿಯಮದ ಮರೆಯಲ್ಲಿ ನಿಂತಿದ್ದೆ. ಆಗ ವಿಧವೆಯ ಬಿಳಿ ಉಟ್ಟಿದ್ದ ನನ್ನ ಅಕ್ಕ ಯಮ್ನಾ ಎಲ್ಲರೆದುರು ಅಂದಳು: "ಪತ್ರ ಕೊಟ್ಟ್ ಬಂದೋನು ನೀನು. ನನ್ ಗಂಡನ್ನ ಕರ್ಕೊಂಡ್ ಹೋಗಿದ್ದೂ ನೀನೇ. ಈಗ ಲೇಖಣಿ ಹಿಡ್ಕೊಂಡು ಯಾರ್ ದಾರಿ ಕಾಯ್ತಿದೀಯೋ, ತಹಾಮಿ?"

ಆದ್ದರಿಂದ ಮಾನ್ಯರೇ, ಇಂದು ಮಧ್ಯಾಹ್ನ ನನ್ನ ಕಸುಬಿನ ಸನದನ್ನು ಖಾಜಿಗೆ ಹಿಂದಿರುಗಿಸಿದ್ದೇನೆ. ನಮ್ಮ ಹೇಳಿಕೆಯನ್ನು ಪಕ್ಕದೂರಿನ ಬರೆಯುವವನು ಬರೆಯಲು ಒಪ್ಪಿದ್ದಾನೆ. ನಾಳೆ ಬೆಳಿಗ್ಗೆ ಹನ್ನೊಂದು ಮಂದಿಯ ಜೊತೆ ತಮ್ಮ ಬಾಗಿಲಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ತಹಾಮಿ ಬೆನ್ ಜಿಲಾಲಿ,
ಹನ್ನೆರಡನೆಯವನು

ವಿ.ಸೂ.: ನಾನೂ ಸತ್ತರೆ ಬರಲು ಊರಿನಲ್ಲಿ ಈಗ ಅರವತ್ತಮೂರು ಗಂಡಸರು ಹೆಸರು ಕೊಟ್ಟಿದ್ದಾರೆ. ಅಷ್ಟು ಹೆಣಗಳಿಗೆ ತಮ್ಮ ಕಚೇರಿಯ ಹಿತ್ತಲು ಸಾಲದಿದ್ದರೆ ತೋಪಿನಲ್ಲಿ ಹೂಳಿ. ನೆಲದ ಒಡೆಯರ ಒಪ್ಪಿಗೆ ಇದೆ.