ಕಾಕಾನ ಡಿಗ್ರಿ, ವಾಡಿಯ ಚಹಾ

ನಮ್ಮ ಕಾಕಾನಷ್ಟು ದುಬಾರಿ ಚಹಾ ಕುಡಿದವರು ನಿಜಾಮರ ಇಡೀ ರಾಜ್ಯದಲ್ಲಿ ಮತ್ತೊಬ್ಬರಿಲ್ಲ. ಅದೂ ಪುಕ್ಕಟೆ ಚಹಾ!

ಚಿತ್ತಾಪುರದ ಕಾಕಾನ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬ ಬಾಡಿಗೆಗಿದ್ದ. ತಿಂಗಳುಗಟ್ಟಲೆ ಬಾಡಿಗೆ ಉಳಿಸಿಕೊಂಡು, ಒಂದು ದಿನ ಹೆಂಡತಿ ಮಕ್ಕಳೊಂದಿಗೆ ವಾಡಿಗೆ ಹೋಗಿ ಸ್ಟೇಷನ್ನಿನ ಹೊರಗೆ ಚಹಾದಂಗಡಿ ಇಟ್ಟ. ಬೇರೆ ಯಾರಾದರೂ ನಾಲ್ಕು ಬೈದು ಬಿಡುತ್ತಿದ್ದರು. ಕಾಕಾ ಮುನ್ಸೀಫ್ ಕೋರ್ಟಿಗೆ ಹೋದ. ಗೆದ್ದ ಕೂಡ! ಡಿಗ್ರಿ, ಅಂದರೆ ಕೋರ್ಟಿನ ತೀರ್ಪು, ಬಂದದ್ದು ಉರ್ದುವಿನಲ್ಲಿ. ಕಾಕಾನಿಗೆ ಉರ್ದು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಓದಬಲ್ಲವರು ಯಾರೇ ಸಿಕ್ಕರೂ ಕಟ್ಟೆಯ ಮೇಲೆ ಕೂರಿಸಿ ಪುರಾಣದಂತೆ ಓದಿಸುವನು. ತನ್ನ ಹೆಸರು ಬಂದಾಗ ಕೈಮುಗಿಯುವನು. ಕಡೆಗೆ ಉರ್ದು ಬಲ್ಲವರೆಲ್ಲ ಕಾಕಾನ ಓಣಿ ಬಿಟ್ಟು ಬೇರೆ ಓಣಿಯಲ್ಲಿ ತಿರುಗಾಡತೊಡಗಿದರು.

ಡಿಗ್ರಿಯೇನೋ ಕೈಗೆ ಬಂತು, ಹಣ ಬರಬೇಕಲ್ಲ? ಕಾಕಾ ಜಪ್ತಿಗೆಂದು ಕೋರ್ಟಿನ ಜವಾನನನ್ನು ಕರೆದುಕೊಂಡು ವಾಡಿಗೆ ಬಂದ. ನನ್ನ ಗಂಡನಿಗೆ ಅಲ್ಲಿ ರೈಲ್ವೆ ಕೆಲಸ. ನಮ್ಮ ಮನೆ ಸ್ಟೇಷನ್ನಿನ ಪಕ್ಕದಲ್ಲೇ ಇದ್ದುದರಿಂದ ಎಲ್ಲವೂ ನನ್ನ ಕಣ್ಣೆದುರೇ ನಡೆಯಿತು. ಅಂಗಡಿಯೆಂದರೆ ಒಂದು ಒಲೆ, ಒಂದು ಕಿಟ್ಲಿ, ಒಂದು ಬೆಂಚು. ಜವಾನ ಕಿಟ್ಲಿಗೆ ಕೈ ಹಾಕಿದ. ಒಳಗೆ ಚಹಾ ಕುದಿಯುತ್ತಿತ್ತು.

"ತಡೀರಿ," ಎಂದ ಕಾಕಾ. "ಕುದ್ದ ಚಾ ಚೆಲ್ಲಿದ್ರ ಪಾಪ ಬರ್ತದ. ಮೊದಲ ಕುಡಿಯೂಣು."

ಕುಡಿದರು. ಶುಂಠಿ ಹಾಕಿದ ಚಹಾ, ಇನ್ನೊಮ್ಮೆ ಕುಡಿದರು. ಆಮೇಲೆ ಜವಾನ, ಜಪ್ತಿಗೆ ಯೋಗ್ಯವಾದದ್ದು ಏನೂ ಸಿಗಲಿಲ್ಲವೆಂದು ಬರೆದುಕೊಂಡು, ಮೀಸೆ ಒರೆಸಿಕೊಂಡು ಹೋದ.

ಉಳಿದ ಕಾಕಾ, ಅಂಗಡಿಯವ ಇಬ್ಬರೂ ತಮ್ಮಲ್ಲೇ ರಾಜಿಯಾದರು: ಬಾಕಿ ತೀರುವವರೆಗೆ ಕಾಕಾ ಬಂದಾಗಲೆಲ್ಲ ಪುಕ್ಕಟೆ ಚಹಾ. ಅಂದಿನಿಂದ ಕಾಕಾ ವಾರವಾರವೂ ಟಿಕೆಟ್ ತೆಗೆದು ರೈಲು ಹತ್ತಿ ವಸೂಲಿಗೆ ಬರತೊಡಗಿದ. ಆ ಟಿಕೆಟ್ಟಿನ ದುಡ್ಡಿಗೆ ಒಂದು ಹಂಡೆ ಚಹಾ ಬರುತ್ತಿತ್ತು! ನಾನು ಹಾಗೆಂದರೆ, ನ್ಯಾಯದ ಚಹಾಕ್ಕೆ ರುಚಿಯೇ ಬೇರೆ ಎನ್ನುವನು. ಒಮ್ಮೆ ತನ್ನ ಗೆಲುವು ತೋರಿಸಲು ಊರ ಗೆಳೆಯರನ್ನೂ ಕರೆತಂದ. ಅವರ ಟಿಕೆಟ್ಟೂ ಇವನದೇ. ಇನ್ನೊಮ್ಮೆ ಚಹಾ ಸಪ್ಪೆಯಾಗಿದೆಯೆಂದು ಜಗಳ ತೆಗೆದ. ಸಪ್ಪೆ ಚಹಾ ಬಾಕಿಗೆ ಜಮಾ ಆಗುವುದಿಲ್ಲವಂತೆ!

ಆ ಚಳಿಗಾಲದಲ್ಲಿ ಒಂದು ವಾರ ಬಂದು ನೋಡಿದರೆ ಒಲೆ ಆರಿತ್ತು. ಅಂಗಡಿಯವ ಜ್ವರದಲ್ಲಿ ಮಲಗಿದ್ದ. ಅವನ ಹೆಂಡತಿ ಕೂಸನ್ನೆತ್ತಿಕೊಂಡು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಳು. ಕಾಕಾ ಧೋತರ ಎತ್ತಿ ಕಟ್ಟಿ ಒಲೆ ಊದತೊಡಗಿದ. ಜನ್ಮದಲ್ಲಿ ಒಲೆ ಹಚ್ಚಿದವನಲ್ಲ! ಆ ಚಹಾ ಕುಡಿದ ಪ್ರಯಾಣಿಕರ ಮುಖ ನೀವು ನೋಡಬೇಕಿತ್ತು. ಆದರೂ ನಮ್ಮ ಮನೆಯಲ್ಲೇ ಉಳಿದು, ರೋಗಿ ಏಳುವವರೆಗೆ ಅಂಗಡಿ ನಡೆಸಿದ. ಬಂದ ಚಿಲ್ಲರೆಯನ್ನೆಲ್ಲ ಸಂಜೆ ಆಕೆಯ ಕೈಗೆ ಹಾಕುತ್ತಿದ್ದ.

ಒಂದು ಬೆಳಗ್ಗೆ ಅಂಗಡಿಯವ ಗೋಡೆ ಹಿಡಿದುಕೊಂಡು ಬಂದ. ಕಾಕಾ ಅವನನ್ನು ಬೆಂಚಿನ ಮೇಲೆ ಕೂರಿಸಿದ.

"ಇನ್ನಾ ಎದಿ ಎಲುಬು ಕಾಣಾಕತ್ತಾವ ನಿನಗ," ಎಂದ. "ನಮ್ಮ ಹಿಂದಿನ ಖೋಲಿ ಖಾಲಿನೇ ಅದ. ಮೈಯಾಗ ತಾಕತ್ತು ಬರೂತನಾ ಹೆಂಡ್ರು ಮಕ್ಕಳ್ನ ಕರಕೊಂಡು ಬಂದು ಇರು."

ಅವನು ತಲೆ ತಗ್ಗಿಸಿದ. "ಬಾಡಿಗಿ, ಧಣೇರ?"

"ಬಾಡಿಗಿ ಮಾತ ತೆಗದಿ ಅಂದ್ರ," ಎಂದ ಕಾಕಾ, ತನ್ನ ಶಾಲು ತೆಗೆದು ಅವನಿಗೆ ಹೊದಿಸುತ್ತ, "ಮತ್ತ ಕೋರ್ಟಿಗೆ ಎಳೀತೀನಿ."