ಮಟ್ಟಕ್ಕೆ ನಿಲ್ಲದ ಮನೆಗಾಡಿ

ಚಕ್ರವಿರುವ ಮನೆಯನ್ನು ರಿಪೇರಿ ಮಾಡಲು ಒಪ್ಪಿಕೊಂಡವರ ಪಾಡು ಹೀಗೇ. ನಗು ಬರುವಂಥದ್ದೇನೂ ನಡೆಯದ ದಿನ ನಮ್ಮ ಶೆಡ್ಡಿಗೆ ರಜೆ ಎಂದೇ ತಿಳಿಯಬೇಕು.

ನಾನು ಹುಟ್ಟಿದ್ದು ಗದಗದ ಕಡೆ. ಲಾರಿ ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಕೆಲಮಂಗಲದ ಮೆಕ್ಯಾನಿಕ್ ಒಬ್ಬರನ್ನು ಮದುವೆಯಾಗಿ ಈ ಕಡೆ ಬಂದೆ, ಇಲ್ಲೇ ಮುದುಕಿಯಾದೆ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕ ನಮ್ಮ ಶೆಡ್ಡು, ಅದರ ಹಿಂದುಗಡೆಯೇ ಮನೆ. ಯಜಮಾನರದ್ದು ಲಾರಿಯ ಭಾರ ಹೊರುವ ಕಮಾನು ಪಟ್ಟಿಗಳ ಕೆಲಸ. ಮಗ ಕಲಿತದ್ದು ಬಸ್ಸಿನ ಗಾಳಿಚೀಲದ ಕೆಲಸ. ಕಮಾನು ಪಟ್ಟಿಯ ಜಾಗದಲ್ಲಿ ರಬ್ಬರ್ ಚೀಲ ಇಟ್ಟು, ಅದಕ್ಕೆ ಗಾಳಿ ತುಂಬಿ, ಅದರ ಮೇಲೆ ಗಾಡಿಯನ್ನು ಕೂರಿಸುತ್ತಾರೆ. "ಗಾಳೀನ ನಂಬ್ಕೊಂಡು ಯಾವನ್ಲಾ ಗಾಡಿ ಓಡುಸ್ತಾನೆ" ಎಂದು ಯಜಮಾನರು ಇವತ್ತಿಗೂ ಕೇಳುತ್ತಾರೆ.

ಇತ್ತೀಚೆಗೆ ಬಸ್ಸುಗಳೂ ಕಂಪನಿ ಸರ್ವೀಸಿಗೇ ಹೋಗತೊಡಗಿ ಶೆಡ್ಡು ಬಣಗುಟ್ಟುತ್ತಿತ್ತು. ಹೊಸ ಕೆಲಸ ಸಿಗದಿದ್ದರೆ ಬಾಗಿಲು ಹಾಕಿ ಫ್ಯಾಕ್ಟರಿಯ ಶಿಫ್ಟಿಗೆ ಸೇರುತ್ತೇನೆ ಎಂದು ಮಗ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಒಬ್ಬ ಟ್ರಾವೆಲ್ಸ್ ಓನರ್ ಬಂದರು. ಅವರ ಹತ್ತಿರ ಮೂರು ಮನೆಗಾಡಿಗಳು. ಒಳಗೇ ಹಾಸಿಗೆ, ಅಡುಗೆಕಟ್ಟೆ, ಬಚ್ಚಲು. ಪ್ರವಾಸ ಹೋಗುವವರಿಗೆ ಬಾಡಿಗೆಗೆ ಕೊಡುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಗಾಳಿಚೀಲ. ಹಳ್ಳದಿಣ್ಣೆಯ ಜಾಗದಲ್ಲಿ ನಿಲ್ಲಿಸಿದರೆ ಒಳಗಿನ ಒಂದು ಪೆಟ್ಟಿಗೆ ತಾನೇ ಲೆಕ್ಕ ಹಾಕಿ, ಒಂದು ಮೂಲೆಗೆ ಗಾಳಿ ತುಂಬಿ, ಇನ್ನೊಂದರಿಂದ ಬಿಟ್ಟು ಗಾಡಿಯನ್ನು ಮಟ್ಟಕ್ಕೆ ತರಬೇಕು. ಒಂದು ಗಾಡಿ ಮಾತ್ರ ಓರೆ ನಿಲ್ಲುತ್ತಿತ್ತು.

"ಇದನ್ನ ನೆಟ್ಟಗೆ ನಿಲ್ಸ್ಕೊಡಪ್ಪ, ಮಿಕ್ಕ ಎರಡ್ನೂ ನಿನಗೇ ಬಿಡ್ತೀನಿ. ಆಗ್ಲಿಲ್ವಾ, ಮೂರೂ ಬೆಂಗ್ಳೂರಿನ ಸರ್ವೀಸಿಗೆ" ಎಂದರು ಓನರ್. ಶೆಡ್ಡಿನ ಹಣೆಬರಹ ಆ ಒಂದು ಗಾಡಿಯ ಮೇಲೆ ನಿಂತಿತು. ಅದೂ ಓರೆಯಾಗಿ.

ಕಿವಿಗೆ ಸಿಕ್ಕ ಲೀಕ್

ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡಲು ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿಯುತ್ತಾರೆ. ಸೋರುವ ಕಡೆ ಗುಳ್ಳೆ ಏಳುತ್ತದೆ. ಮಗ ಬಕೆಟ್ ಹಿಡಿದು ಹೊರಟರೆ ಯಜಮಾನರು ತಡೆದರು. "ಸೋಪ್ಯಾಕ್ಲಾ ದಂಡ? ನನ್ ಕಿವಿ ಸಾಕು."

ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ, "ಬಂತ್ ನೋಡು, ಸುಯ್ ಅಂತದೆ. ಎಡಗಡೆ ಹಿಂದೆ. ಆ ನಟ್ ಬಿಗಿ" ಎಂದರು. ಮಗ ಬಿಗಿದ. "ಇನ್ನೂ ಜಾಸ್ತಿ ಆಗ್ತದಲ್ಲೋ!" ಮತ್ತೆ ಬಿಗಿದ. "ಏಯ್, ಒಡೆದೋಯ್ತದೆ, ಈಚೆ ಬಾರ್ಲಾ!" ಎಂದು ಕೂಗುತ್ತಾ ತಾವೇ ಮೊದಲು ಉರುಳಿಕೊಂಡು ಹೊರಗೆ ಬಂದರು.

ಅದೇ ಹೊತ್ತಿಗೆ ಗಾಡಿಯೊಳಗೆ ಕುಕ್ಕರ್ ಸಿಳ್ಳೆ ಹಾಕಿತು. ರಿಪೇರಿ ಮುಗಿಯುವಷ್ಟರಲ್ಲಿ ಅಡುಗೆಯೂ ಆಗಲಿ ಎಂದು ಗಾಡಿ ತಂದಿದ್ದ ಡ್ರೈವರ್ ಒಳಗಿನ ಒಲೆಯ ಮೇಲೆ ಬೇಳೆ ಇಟ್ಟಿದ್ದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದ: "ತಾತಾ, ಇನ್ನೂ ಎರಡು ಸಿಳ್ಳೆ ಐತೆ. ಅಲ್ಲೀಗಂಟ ಆಚೇನೇ ಇರ್ತೀರಾ?"

ದೃಷ್ಟಿ

ಸೋಪಿನ ನೀರು ಬಳಿದಾಗ ನಿಜವಾದ ಲೀಕ್ ಸಿಕ್ಕಿತು. ಸರಿ ಮಾಡಿದ್ದೂ ಆಯಿತು. ಆದರೂ ಬಲಗಡೆಯ ಹಿಂಭಾಗ ಮಾತ್ರ ಎದ್ದೇ ನಿಂತಿತ್ತು. ಗಾಡಿ ಎಷ್ಟು ಎತ್ತರದಲ್ಲಿದೆ ಎಂದು ಪೆಟ್ಟಿಗೆಗೆ ತಿಳಿಸಲು ಪ್ರತಿ ಚಕ್ರದ ಬಳಿ ಬೆರಳು ದಪ್ಪದ ಒಂದು ಕಡ್ಡಿ ಇರುತ್ತದೆ. ಗಾಡಿ ಏರಿದಂತೆ, ಇಳಿದಂತೆ ಅದೂ ಆಡುತ್ತಿರಬೇಕು.

ಮಗ ಟಾರ್ಚ್ ಬಿಟ್ಟು ನೋಡಿದರೆ ಆ ಕಡ್ಡಿಯೇ ಕಾಣಲಿಲ್ಲ. ಅದರ ಸುತ್ತ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಇದ್ದಿಲು. ಕೆಲವು ಹೊಸದು, ಕೆಲವು ಒಣಗಿ ಕರ್ರಗಾದದ್ದು. ಎಲ್ಲವನ್ನೂ ಬೀಳದ ಹಾಗೆ ಕಬ್ಬಿಣದ ತಂತಿಯಿಂದ ಬಿಗಿದಿತ್ತು.

"ಏನಣ್ಣ ಇದು?"

ಡ್ರೈವರ್ ಹೇಳಿದ: "ಮುಂದ್ಗಡೆ ಕಟ್ಟಿದ್ರೆ ಬಾಡಿಗೆಗೆ ಬರೋರು ಫೋಟೋ ಚೆನ್ನಾಗಿ ಬರಲ್ಲ ಅಂತ ಕಿತ್ತಾಕ್ತಾರೆ. ಅದಕ್ಕೆ ಕಾಣ್ದಂಗೆ ಕೆಳಗೆ ಕಟ್ಟೀನಿ. ಪ್ರತಿ ಅಮಾಸೆಗೂ."

"ಹಳೇದು ಬಿಚ್ಚಲ್ವಾ?"

"ಬಿಚ್ಚಿದ್ರೆ ಅಲ್ಲೀವರೆಗೆ ಹಿಡ್ಕಂಡಿರೋ ದೃಷ್ಟಿ ಎಲ್ಲಾ ವಾಪಸ್ ಬರಲ್ವಾ?"

ಕಡ್ಡಿ ಅಲ್ಲಾಡದ್ದರಿಂದ ಆ ಮೂಲೆ ಇನ್ನೂ ತಗ್ಗಿನಲ್ಲೇ ಇದೆ ಎಂದುಕೊಂಡು ಪೆಟ್ಟಿಗೆ ಗಾಳಿ ತುಂಬುತ್ತಲೇ ಇತ್ತು. ಮಗ ಕಟಿಂಗ್ ಪ್ಲೇಯರ್ ತೆಗೆದ. ಡ್ರೈವರ್ ಅಡ್ಡ ಬಂದು, "ಬೇಡಣ್ಣ, ಅದನ್ನ ತೆಗೆದ್ರೆ ಗಾಡಿಗೆ ಏನಾದ್ರೂ ಆಗ್ಬುಡ್ತದೆ" ಎಂದು ಕೈಮುಗಿದ.

"ಆಗೋದು ಇನ್ನೇನೂ ಉಳಿದಿಲ್ಲ ಕಣಣ್ಣ" ಎಂದು ಮಗ ತಂತಿ ಕತ್ತರಿಸಿದ.

ನಮ್ಮ ಅಂಗಳ

ಕಡ್ಡಿ ಬಿಡಿಸಿದ ಮೇಲೆ ಯಾವುದು ಮಟ್ಟ ಎಂದು ಪೆಟ್ಟಿಗೆಗೆ ಹೊಸದಾಗಿ ಕಲಿಸಬೇಕು. ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ ಬಟನ್ ಒತ್ತಿದರೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಯಜಮಾನರೇ ನಿಂತು ಹಾಕಿಸಿದ ಕಾಂಕ್ರೀಟ್ ನೆಲ ನಮ್ಮ ಅಂಗಳದ್ದು. ಅಲ್ಲೇ ನಿಲ್ಲಿಸಿ ಕಲಿಸಿ ಕಳಿಸಿದರು.

ಮಾರನೆಯ ದಿನ ಓನರ್ ಫೋನ್. "ಬಾಡಿಗೆಗೆ ತಗೊಂಡ ಅಮ್ಮ ಬೈತಾವ್ರೆ. ದೋಸೆ ಹಾಕಿದ್ರೆ ಎಣ್ಣೆ ಎಲ್ಲಾ ಒಂದೇ ಕಡೆ ಹೋಯ್ತದಂತೆ. ಹಿಂಗಾದ್ರೆ ಬೆಂಗ್ಳೂರೇ ಗತಿ."

"ನನ್ ಅಂಗಳ ಸರಿಯಾಗೈತೆ. ಅವ್ರು ನಿಲ್ಸಿರೋ ಊರೇ ಓರೆ ಇರ್ಬೇಕು" ಎಂದರು ಯಜಮಾನರು.

ಮಗ, ಮಟ್ಟ ನೋಡಲು ಗಾರೆಯವರು ಬಳಸುವ ನೀರು ತುಂಬಿದ ಟ್ಯೂಬ್ ತಂದು ಅಂಗಳದ ಎರಡು ತುದಿಗೆ ಹಿಡಿದ. ಇಳಿಜಾರು ಎದ್ದು ಕಾಣುತ್ತಿತ್ತು. "ಮಳೆ ನೀರು ಹರಿದ್ಹೋಗ್ಲಿ ಅಂತ ನಾನೇ ವಾಟ ಕೊಡ್ಸಿದ್ದೆ, ಮರ್ತೇಬುಟ್ಟಿದ್ದೆ" ಎಂದು ಯಜಮಾನರು ಒಪ್ಪಿಕೊಂಡರು. "ಅಡ್ಗೆ ಮನೆಗೂ ಅದೇ ವಾಟ, ಒಂದೇ ದಿನ ಹಾಕ್ಸಿದ್ದು."

ನಾನು ಬಾಗಿಲಲ್ಲಿ ನಿಂತಿದ್ದೆ. ಸಿಟ್ಟು ಬಂದಾಗ ನನ್ನ ಬಾಯಿಗೆ ತವರಿನ ಮಾತೇ ಬರುತ್ತದೆ.

"ಅಲ್ರೀ, ಹಂಗಾದ್ರ ಇಷ್ಟು ವರ್ಷ ನನ್ನ ದೋಸಿ ಒಂದ್ ಕಡೆ ದಪ್ಪ, ಒಂದ್ ಕಡೆ ತೆಳ್ಳಗ ಅಂತ ಬೈದ್ರಲ್ಲ, ಅದು ಯಾರ ಕೈಗುಣಾರೀ?"

ಅವತ್ತು ಮಧ್ಯಾಹ್ನ ಅವರು ಎರಡು ದೋಸೆ ಹೆಚ್ಚಿಗೇ ತಿಂದರು.

ಮೂಲೆ

ಸಮನಾದ ನೆಲ ಹುಡುಕಿ ಮತ್ತೆ ಕಲಿಸಿದ ಮೇಲೆ ಬಾಡಿಗೆಗೆ ಹೋದ ಕಡೆಯೆಲ್ಲ ಗಾಡಿ ನೆಟ್ಟಗೆ ನಿಂತಿತು. ಓರೆಯಾಗುತ್ತಿದ್ದದ್ದು ಗುಮ್ಮಳಾಪುರದಲ್ಲಿ ಓನರ್ ಮನೆಯ ಮುಂದೆ ನಿಂತಾಗ ಮಾತ್ರ. ಒಂದು ಬೆಳಿಗ್ಗೆ ಮುಂದಿನ ಎಡ ಮೂಲೆ ಕುಸಿದಿತ್ತು. ಮಗ ಹೋಗಿ ನೋಡಿದರೆ ಲೀಕ್ ಇಲ್ಲ. ಆದರೂ ವಾಲ್ವ್ ಬದಲಿಸಿ ಬಂದ. ಮುಂದಿನ ಸಲ ಹಿಂದಿನ ಬಲ ಮೂಲೆ. ಅದರ ಮುಂದಿನ ಸಲ ಹಿಂದಿನ ಎಡ. ಓನರ್ ಖಡಾಖಂಡಿತವಾಗಿ ಹೇಳಿದರು: "ಇನ್ನೊಂದು ಸಲ ಹಿಂಗಾದ್ರೆ ಮೂರು ಗಾಡೀನೂ ಬೆಂಗ್ಳೂರಿಗೆ."

ಕೂತು ಕಣ್ಣಾರೆ ನೋಡಿಬಿಡೋಣ ಎಂದು ಮಗ ಒಂದು ಸಂಜೆ ಅಲ್ಲಿಗೆ ಹೊರಟ. ಓನರ್ ಹೆಂಡತಿ ನನ್ನನ್ನೂ ಊಟಕ್ಕೆ ಕರೆದಿದ್ದರಿಂದ ನಾನೂ ಹೋದೆ. ಗಾಡಿ ಮಟ್ಟವಾಗಿ ನಿಂತಿತ್ತು. ನಾವೆಲ್ಲ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದೆವು. ಓನರ್ ಅವರ ವಯಸ್ಸಾದ ತಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಗಾಡಿಯ ಕಡೆ ನಡೆದರು. ಬಾಡಿಗೆ ಇಲ್ಲದ ದಿನ ಕಾವಲಿಗೆಂದು ಅವರು ಅದರಲ್ಲೇ ಮಲಗುತ್ತಾರಂತೆ. ಮೆಟ್ಟಿಲ ಬಳಿ ನಿಂತು ಸೂರ್ಯ ಮುಳುಗುವ ಕಡೆ ನೋಡಿದರು. ಕೈ ಚಾಚಿ ಏನೋ ಲೆಕ್ಕ ಹಾಕಿ ಒಳಗೆ ಹೋದರು.

ಸ್ವಲ್ಪದರಲ್ಲೇ 'ಸ್ಸ್' ಎಂದಿತು. ನಮ್ಮ ಕಣ್ಣೆದುರೇ ಒಂದು ಮೂಲೆ ಮೆಲ್ಲಗೆ ಕುಸಿಯಿತು. ಎಲ್ಲರೂ ಓಡಿದೆವು. ಓನರ್ ಅವರ ತಂದೆ ಹಾಸಿಗೆಯ ಮೇಲೆ ಕೂತು, ಪೆಟ್ಟಿಗೆಯಲ್ಲಿ ಆ ಮೂಲೆಯ ಗಾಳಿ ಬಿಡುವ ಬಟನ್ ಒತ್ತುತ್ತಿದ್ದರು.

"ಅಪ್ಪಾ, ಏನ್ ಮಾಡ್ತಿದ್ದೀಯಾ?" ಎಂದು ಓನರ್ ಕಿರುಚಿದರು.

"ಈಸಾನ್ಯ ತಗ್ಗುಸ್ತಾ ಇವ್ನಿ. ಆ ಮೂಲೆ ತಗ್ಗಿರ್ಬೇಕು ಅಂತ ವಾಸ್ತು. ನಿನ್ ಡ್ರೈವರ್ರು ದಿನಕ್ಕೊಂದ್ ಕಡೆ ಮೂತಿ ಮಾಡಿ ನಿಲ್ಲುಸ್ತಾನೆ, ನನಗೆ ದಿನಾ ಇದೇ ಕೆಲ್ಸ ಆಗೋಗದೆ."

"ವಾಸ್ತು ಮನೆಗಪ್ಪಾ! ಇದು ಗಾಡಿ!"

ಮುದುಕರು ಬಟನ್ ಮೇಲಿನ ಬೆರಳು ತೆಗೆಯಲಿಲ್ಲ.

"ಗಾಡಿ ಆದ್ರೆ, ಐನೋರ್ನ ಕರ್ಸಿ, ಒಲೆ ಮೇಲೆ ಹಾಲು ಉಕ್ಕುಸಿ, ಊರಿಗೆಲ್ಲಾ ಊಟ ಹಾಕಿ ಗೃಹಪ್ರವೇಶ ಯಾಕ್ಲಾ ಮಾಡ್ಸ್ದೆ?"

ಓನರ್ ನನ್ನ ಮಗನ ಹೆಗಲ ಮೇಲೆ ಕೈಹಾಕಿ ಆಚೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ ಹೇಳಿದರು:

"ಮಿಕ್ಕ ಎರಡು ಗಾಡೀನೂ ನಾಳೇನೇ ನಿನ್ನ ಶೆಡ್ಡಿಗೆ ಕಳಿಸ್ತೀನಿ. ಬೆಂಗ್ಳೂರಿಗೆ ಹೋಗಿ ಯಾವ ಬಾಯಲ್ಲಪ್ಪಾ ನಾನು ಇದನ್ನ ಹೇಳಲಿ?"